ಇರುಳ ಹೊತ್ತಿನ ಒಂದು ಪ್ರಾರ್ಥನೆ

ಮನುಷ್ಯನಿಗೆ ತನ್ನ ಕಿಸೆಯೊಳಗಿನ ದುಡ್ಡಿನ ಲೆಕ್ಕ ಗೊತ್ತಿರುತ್ತದೆ. ಹೊಲದ ಲೆಕ್ಕ, ಬಡ್ಡಿಯ ಲೆಕ್ಕ, ಪರೀಕ್ಷೆಯ ಅಂಕಗಳ ಲೆಕ್ಕ ಇವೂ ಬಾಯಿಪಾಠವಾಗಿರುತ್ತವೆ. ಆದರೆ ಮೊನ್ನೆಯ ಮಂಗಳವಾರ ಎತ್ತ ಹೋಯಿತೆಂದು ಯಾರಾದರೂ ಕೇಳಿದರೆ ಅವನು ತಡವರಿಸುತ್ತಾನೆ. ಎದ್ದೆವು, ಉಂಡೆವು, ಕಾಲೇಜಿಗೆ ಹೋದೆವು, ಬಂದೆವು, ಮಲಗಿದೆವು; ಇಷ್ಟರಲ್ಲಿಯೇ ಇಪ್ಪತ್ತನಾಲ್ಕು ತಾಸುಗಳು ಮುಗಿದುಹೋಗಿರುತ್ತವೆ. ಬಿ.ಎ. ತರಗತಿಯ ಮೂರು ವರುಷಗಳೆಂದರೆ ಸಾವಿರಕ್ಕೂ ಮಿಕ್ಕ ದಿನಗಳು. ಅವುಗಳಲ್ಲಿ ನಮ್ಮ ಕೈಯಲ್ಲಿ ಉಳಿದವು ಎಷ್ಟು, ಬೆರಳ ಸಂದಿಯಿಂದ ಸೋರಿಹೋದವು ಎಷ್ಟು? ಕಾಲೇಜು ಬಿಟ್ಟು ಹೊರಡುವ ವರ್ಷದಲ್ಲಿ ಈ ಪ್ರಶ್ನೆ ನಮ್ಮೆಲ್ಲರ ಮುಂದೆ ಬಂದು ನಿಲ್ಲುವುದು ಸಹಜವೇ ಆಗಿದೆ.

ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುವ ಒಂದು ರೀತಿ ಕ್ರೈಸ್ತರಲ್ಲಿ ರೂಢಿಯಲ್ಲಿದೆ. ಅದಕ್ಕೆ ಆತ್ಮಪರಿಶೋಧನೆಯ ಪ್ರಾರ್ಥನೆ ಎಂದು ಹೆಸರು. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಬೇಕೆಂದು ನನ್ನ ಆಸೆ. ನಮ್ಮದು ಕ್ರೈಸ್ತರ ಮನೆ. ಊಟಕ್ಕೆ ಮುಂಚಿನ ಪ್ರಾರ್ಥನೆ, ಮಲಗುವ ಮುಂಚಿನ ಪ್ರಾರ್ಥನೆ ಚಿಕ್ಕಂದಿನಿಂದಲೂ ಬಾಯಿಗೆ ಬಂದವು. ಆದರೆ ಈ ಬಗೆಯದನ್ನು ನಾನು ಕಲಿತದ್ದು ಮೊದಲನೆಯ ವರ್ಷದ ಬೇಸಿಗೆಯ ರಜೆಯಲ್ಲಿ, ಹುಬ್ಬಳ್ಳಿಯಲ್ಲಿ ನಡೆದ ತರುಣರ ಒಂದು ಧ್ಯಾನಕೂಟದಲ್ಲಿ. ವಯಸ್ಸಾದ ಒಬ್ಬ ಪಾದ್ರಿಗಳು ನಮ್ಮ ಕೈಗೆ ಒಂದೊಂದು ಹಾಳೆಯನ್ನು ಕೊಟ್ಟು, "ರಾತ್ರಿ ಹದಿನೈದು ನಿಮಿಷ ಸಾಕು; ಆದರೆ ದಿನಾಲು ಬೇಕು" ಎಂದರು. ಅಂದಿನಿಂದ ಸುಮಾರು ಎರಡು ವರುಷಗಳಾದವು.

ಈ ಪ್ರಾರ್ಥನೆಗೆ ಈಗಿನ ರೂಪವನ್ನು ಕೊಟ್ಟವನು ಲೊಯೋಲದ ಇಗ್ನೇಷಿಯಸ್. ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ ೧೪೯೧ರ ಸುಮಾರಿಗೆ ಹುಟ್ಟಿದ ಈತ ಮೊದಲು ಕತ್ತಿ ಹಿಡಿದ ಸರದಾರ. ೧೫೨೧ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯನ್ನು ಕಾಯುತ್ತಿದ್ದಾಗ ಫ್ರೆಂಚರ ತೋಪಿನ ಗುಂಡು ತಗಲಿ ಅವನ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದವನಿಗೆ ಹೊತ್ತು ಹೋಗದು. ವೀರರ ಪ್ರಣಯ ಕಥೆಗಳ ಪುಸ್ತಕ ಬೇಕೆಂದು ಕೇಳಿದ. ಮನೆಯಲ್ಲಿ ಇದ್ದವು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಬೇರೆ ದಾರಿ ಕಾಣದೆ ಅವನ್ನೇ ಓದಿದ. ಓದು ನಿಲ್ಲಿಸಿದಾಗ ಒಮ್ಮೆ ಅರಮನೆಯ ವೈಭವದ ಕನಸು, ಒಮ್ಮೆ ಸಂತರಂತೆ ಬದುಕುವ ಕನಸು. ಎರಡೂ ಕನಸುಗಳು ಕಾಣುವಾಗ ಸವಿಯಾಗಿಯೇ ಇದ್ದವು. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು; ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸ ಒಂದು ದಿನ ಅವನ ಗಮನಕ್ಕೆ ಬಂದಿತು. ಮುಂದೆ ಅವನು ಬೋಧಿಸಿದ್ದರಲ್ಲಿ ಬಹಳಷ್ಟು ಈ ಒಂದು ಗಮನದಿಂದ ಬೆಳೆದುದೆಂದು ಹೇಳಬಹುದು. ಅವನೂ ಅವನ ಸಂಗಡಿಗರೂ ಕೂಡಿ ಕಟ್ಟಿದ ಯೇಸುಸಭೆಗೆ ೧೫೪೦ರಲ್ಲಿ ಪೋಪರ ಮನ್ನಣೆ ಸಿಕ್ಕಿತು. ಅವನ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಪುಸ್ತಕ ೧೫೪೮ರಲ್ಲಿ ಅಚ್ಚಾಯಿತು. ಸಂಗಡಿಗರಲ್ಲಿ ಒಬ್ಬನಾದ ಫ್ರಾನ್ಸಿಸ್ ಝೇವಿಯರ್ ೧೫೪೨ರಲ್ಲಿ ನಮ್ಮ ಮಗ್ಗುಲಿನ ಗೋವೆಗೇ ಬಂದಿಳಿದನು. ಮಂಗಳೂರಿನಲ್ಲಿ ೧೮೮೦ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರೂ ಇದೇ ಸಭೆಯವರು.

ಪ್ರಾರ್ಥನೆಗೆ ಐದು ಮೆಟ್ಟಿಲುಗಳಿವೆ. ಮೊದಲನೆಯದಾಗಿ, ಆ ದಿನ ಬಂದ ಒಳಿತಿಗಾಗಿ ದೇವರಿಗೆ ಕೃತಜ್ಞತೆ ಹೇಳುವುದು. ಎರಡನೆಯದಾಗಿ, ದಿನವನ್ನು ಸರಿಯಾಗಿ ಕಾಣುವ ಬೆಳಕನ್ನು ಬೇಡುವುದು. ಮೂರನೆಯದಾಗಿ, ಎದ್ದ ಹೊತ್ತಿನಿಂದ ಈ ಹೊತ್ತಿನವರೆಗೆ ತಾಸು ತಾಸಾಗಿ ಹಿಂದಿನ ಹೆಜ್ಜೆಗಳನ್ನು ನೋಡುವುದು. ಮೊದಲು ವಿಚಾರ, ಆಮೇಲೆ ಮಾತು, ಆಮೇಲೆ ಕೃತಿ. ನಾಲ್ಕನೆಯದಾಗಿ, ಅಲ್ಲಿ ಕಂಡ ಕೊರತೆಗೆ ಕ್ಷಮೆ ಕೇಳುವುದು. ಐದನೆಯದಾಗಿ, ದೇವರ ಸಹಾಯದಿಂದ ನಾಳೆ ಹೇಗೆ ನಡೆಯಬೇಕೆಂದು ನಿರ್ಧರಿಸುವುದು. ಕೊನೆಗೆ ಕ್ರಿಸ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳಿದರೆ ಮುಗಿಯಿತು. ಇದಲ್ಲದೆ, ಯಾವುದಾದರೊಂದು ದೋಷವನ್ನು ಬಿಡಬೇಕೆನ್ನುವವನಿಗಾಗಿ ಇಗ್ನೇಷಿಯಸ್ ಇನ್ನೊಂದು ಉಪಾಯವನ್ನೂ ಹೇಳಿದ್ದಾನೆ. ವಾರದ ಪ್ರತಿಯೊಂದು ದಿನಕ್ಕೂ ಎರಡು ಗೆರೆಗಳನ್ನು ಎಳೆಯಬೇಕು. ಮಧ್ಯಾಹ್ನದವರೆಗೆ ಆ ದೋಷ ಎಷ್ಟು ಸಲ ತಲೆಯೆತ್ತಿತೋ ಅಷ್ಟು ಚುಕ್ಕೆ ಮೊದಲ ಗೆರೆಯ ಮೇಲೆ. ರಾತ್ರಿಯವರೆಗಿನವು ಎರಡನೆಯದರ ಮೇಲೆ. ಬಳಿಕ ಗೆರೆಗೆ ಗೆರೆಯನ್ನು, ದಿನಕ್ಕೆ ದಿನವನ್ನು, ವಾರಕ್ಕೆ ವಾರವನ್ನು ಹೋಲಿಸಿ ನೋಡಬೇಕು. ಅಂಗಡಿಯ ಖಾತೆಯ ಪುಸ್ತಕಕ್ಕೂ ಇದಕ್ಕೂ ಅಂತರ ಬಹಳವಿಲ್ಲ.

ಹೀಗೆ ದಿನವನ್ನು ತಿರುಗಿ ನೋಡುವುದು ಒಂದು ಮತದವರ ಸ್ವತ್ತೇನೂ ಅಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ತತ್ತ್ವಜ್ಞಾನಿ ಸೆನೆಕನು, ದೀಪ ಆರಿಸಿ ಹೆಂಡತಿ ಸುಮ್ಮನಾದ ಬಳಿಕ ತನ್ನ ಇಡಿಯ ದಿನವನ್ನು ತಾನೇ ವಿಚಾರಣೆಗೆ ಒಳಪಡಿಸುತ್ತಿದ್ದುದಾಗಿ ಬರೆದಿದ್ದಾನೆ. ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನ್ ೧೩ ಸದ್ಗುಣಗಳ ಪಟ್ಟಿ ಮಾಡಿ, ಚಿಕ್ಕ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಮನೆಗಳನ್ನು ಬರೆದು, ತಪ್ಪಿದಲ್ಲಿ ಕಪ್ಪು ಚುಕ್ಕೆ ಇಡುತ್ತಿದ್ದ. ಅಷ್ಟು ದೂರವೇಕೆ? ನಮ್ಮ ಹೊಳೆಆಲೂರಿನ ದಂಡೆಯನ್ನು ತೊಳೆದು ಹೋಗುವ ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ಸಂಗಮದ ದೇವರನ್ನು ಅಂಕಿತವಾಗಿಟ್ಟುಕೊಂಡು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಹೇಳಿದ ವಚನಗಳಲ್ಲಿ ಎಷ್ಟೋ ವಚನಗಳು ಬೇರೆಯವರನ್ನು ಬಿಟ್ಟು ತಮ್ಮ ಮನಸ್ಸನ್ನೇ ಎದುರಿಗೆ ನಿಲ್ಲಿಸಿ ಪ್ರಶ್ನಿಸುವಂಥವು. ತರಗತಿಯಲ್ಲಿ ಅವುಗಳ ಪಾಠ ಕೇಳುವಾಗ ರಾತ್ರಿಯ ನನ್ನ ಹದಿನೈದು ನಿಮಿಷಗಳು ನೆನಪಾಗದೆ ಇರುತ್ತಿರಲಿಲ್ಲ. ನನ್ನ ಒಬ್ಬ ಲಿಂಗಾಯತ ಗೆಳೆಯ ಈ ಐದು ಮೆಟ್ಟಿಲುಗಳನ್ನು ಕೇಳಿ ತಿಳಿದು, ತನ್ನ ಸಂಜೆಯ ಲಿಂಗಪೂಜೆಯ ತರುವಾಯ ಅವನ್ನು ಹತ್ತುತ್ತಿದ್ದಾನೆ. ಮೆಟ್ಟಿಲಿಗೆ ಜಾತಿಯಿಲ್ಲವೆಂದು ಅವನ ಅಭಿಪ್ರಾಯ.

ಇನ್ನು ನನ್ನ ಅನುಭವದ ಮಾತು. ನಮ್ಮ ತಂದೆ ರೈಲ್ವೆಯಲ್ಲಿ ಕೀಮ್ಯಾನ್. ಹೋಟಗಿಯಿಂದ ಗದಗಿಗೆ ಬರುವ ಈ ಹಾದಿ ೧೮೮೪ರಲ್ಲಿ ತೆರೆದದ್ದು. ಅಂದು ಮೀಟರ್ ಗೇಜ್ ಇದ್ದುದು ಇಂದು ಬ್ರಾಡ್ ಗೇಜ್ ಆಗಿದೆ. ಆದರೂ ದಿನಕ್ಕೊಮ್ಮೆ ಒಬ್ಬ ಮನುಷ್ಯ ಅದರ ಮೇಲೆ ಕಾಲ್ನಡಿಗೆಯಿಂದ ಹೋಗಿ ಬರಲೇಬೇಕು. ತನ್ನ ಪಾಲಿಗೆ ಬಂದ ಕೆಲವು ಕಿಲೋಮೀಟರ್ ಹಾದಿಯನ್ನು ಸುತ್ತಿಗೆ, ಸ್ಪ್ಯಾನರು, ಕೆಂಪು ನಿಶಾನೆಗಳನ್ನು ಹೊತ್ತು ಅವರು ನಡೆಯುತ್ತಾರೆ. ಹೋಗುವಾಗ ಒಂದು ಹಳಿಯನ್ನು ನೋಡುತ್ತಾರೆ, ಬರುವಾಗ ಇನ್ನೊಂದನ್ನು. ಸಡಿಲಾದ ಕ್ಲಿಪ್ಪನ್ನು ಹೊಡೆದು ಕೂಡ್ರಿಸುತ್ತಾರೆ, ಬೋಲ್ಟನ್ನು ಬಿಗಿಯುತ್ತಾರೆ, ತಮ್ಮ ಕೈಯಲ್ಲಿ ಆಗದ್ದಿದ್ದರೆ ನಿಶಾನೆ ಹಿಡಿದು ಗಾಡಿ ನಿಲ್ಲಿಸಿ ಮೇಲಿನವರಿಗೆ ತಿಳಿಸುತ್ತಾರೆ. ನಾನು ರಾತ್ರಿ ಕಣ್ಣು ಮುಚ್ಚಿ ಕೂಡ್ರುವುದನ್ನು ಕೆಲವು ದಿನ ನೋಡಿ, "ದಿನಾ ಅದೇನ ಎಣಸ್ತಿ?" ಎಂದು ಕೇಳಿದರು. ನಾನು ವಿವರಿಸಿದೆ. ಅವರು ನಕ್ಕು, "ನಾನೂ ಅದನ್ನ ಮಾಡ್ತೀನಲ್ಲ, ಹಳಿ ಮ್ಯಾಲ. ಸಡ್ಲ ಆಗಿದ್ದು ಕಂಡ್ರ ಬಿಗಿ ಮಾಡೂದು, ಮುಂದ ನಡೆಯೂದು. ಅಲ್ಲೇ ಕುಂತ್ರ ಉಳಿದ ಹಳಿ ಯಾರು ನೋಡ್ತಾರ?" ಎಂದರು. ನಾಲ್ಕನೆಯ ಮತ್ತು ಐದನೆಯ ಮೆಟ್ಟಿಲುಗಳ ಮೇಲೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಎಲ್ಲಿಯೂ ಓದಿಲ್ಲ.

ಅವರ ಈ ಮಾತಿಗೆ ಇಗ್ನೇಷಿಯಸ್ಸನ ಬದುಕಿನಲ್ಲಿಯೂ ಆಧಾರವಿದೆ. ಸಂಸಾರ ಬಿಟ್ಟು ಹೊರಟ ಹೊಸದರಲ್ಲಿ, ೧೫೨೨ರ ಸುಮಾರಿಗೆ, ಮನ್ರೇಸ ಎಂಬ ಊರಿನಲ್ಲಿ ಅವನು ಹಳೆಯ ಪಾಪಗಳನ್ನೇ ಕೆದಕಿ ಕೆದಕಿ ನೋಡಿಕೊಂಡನು. ಎಷ್ಟು ಸಲ ನಿವೇದಿಸಿಕೊಂಡರೂ ಸಮಾಧಾನವಿಲ್ಲದೆ, ಪ್ರಾಣ ಕಳೆದುಕೊಳ್ಳುವ ವಿಚಾರವೂ ಅವನನ್ನು ಕಾಡಿತು. ಅಂಥ ಕೆದಕಾಟ ದೇವರಿಂದ ಬಂದುದಲ್ಲವೆಂದು ಅವನಿಗೆ ಕೊನೆಗೆ ತಿಳಿಯಿತು. ಹೀಗೆ ಬೆಂದು ತಿಳಿದವನು ಬರೆದ ಕ್ರಮದಲ್ಲಿ ಕೃತಜ್ಞತೆ ಮೊದಲನೆಯ ಮೆಟ್ಟಿಲಾಗಿರುವುದನ್ನು ಗಮನಿಸಬೇಕು. ತಪ್ಪಿನಿಂದ ಆರಂಭಿಸಿದವನಿಗೆ ದಿನವೆಲ್ಲ ತಪ್ಪಾಗಿಯೇ ಕಂಡೀತು. ಬಂದುದನ್ನು ಮೊದಲು ಎಣಿಸಿದವನಿಗೆ, ಹೋದುದನ್ನು ನೋಡುವ ಧೈರ್ಯ ಬರುತ್ತದೆ.

ಇದರ ಅರ್ಥ ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಅಜ್ಜಿಯಿಂದ. ೨೦೧೯ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಉಕ್ಕಿ ಹೊಳೆಆಲೂರಿನೊಳಗೆ ಬಂದಳು. ೨೦೦೯ರ ಪ್ರವಾಹವನ್ನು ಕಂಡಿದ್ದ ಹಿರಿಯರಿಗೂ ಅದು ಹೊಸ ಪೆಟ್ಟು. ನೀರಿಳಿದ ಬಳಿಕ ನಮ್ಮ ಓಣಿಗೆ ಮರಳಿದಾಗ ಗೋಡೆಯ ಮೇಲೆ ಕೆಸರಿನ ಗೆರೆ, ನೆಲದ ಮೇಲೆ ಮೊಳಕಾಲುದ್ದ ರಾಡಿ. ಎಲ್ಲರೂ ಹೋದ ಸಾಮಾನಿನ ಹೆಸರು ಹೇಳಿ ಅಳುತ್ತಿದ್ದರು. ಅಜ್ಜಿ ಮಾತ್ರ ಕಟ್ಟೆಯ ಮೇಲೆ ಕುಳಿತು, ಮೊದಲು ಮನೆಯವರ ತಲೆ ಎಣಿಸಿದಳು. ಆಮೇಲೆ ಆಡು, ಆಮೇಲೆ ಕೊಡ, ಆಮೇಲೆ ಬೀಸುವ ಕಲ್ಲು. ಇದ್ದುದೆಲ್ಲ ಎಣಿಸಿ ಮುಗಿದ ಮೇಲೆಯೇ, "ಈಗ ಹೋಗಿದ್ದ ಏನೇನ, ಬರಕೋ" ಎಂದು ನನಗೆ ಹೇಳಿದಳು. ಪರಿಹಾರದ ಅರ್ಜಿಗೆ ನಾನು ಬರೆದ ಆ ಪಟ್ಟಿ ಸಣ್ಣದೇನೂ ಆಗಿರಲಿಲ್ಲ. ಆದರೆ ಬರೆಯುವ ನನ್ನ ಕೈ ನಡುಗಲಿಲ್ಲ. ಅಜ್ಜಿಗೆ ಅಕ್ಷರ ಬಾರದು. ಲೊಯೋಲದ ಹೆಸರು ಅವಳ ಕಿವಿಯ ಮೇಲೆ ಬಿದ್ದಿರಲಾರದು.

ಈಗ, ಈ ಪ್ರಬಂಧವನ್ನು ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರುತ್ತೇನೆ. ನಮ್ಮ ಊರಿನಲ್ಲಿ ಅಂಧ ಮಕ್ಕಳ ವಸತಿ ಶಾಲೆಯಿದೆ. ಅಲ್ಲಿಯ ಮಕ್ಕಳು ಮಲ್ಲಕಂಬವನ್ನೇರಿ ಆಡುವುದನ್ನು ನಾಡಿನ ಅನೇಕರು ನೋಡಿ ಮೆಚ್ಚಿದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮವಂತೂ ಸರಿಯೇ ಸರಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ತಾವು ಕಣ್ಣಿಲ್ಲದೆಯೇ ಎಷ್ಟೋ ಅಂಧರಿಗೆ ಬಾಳಿನ ದಾರಿಯನ್ನು ತೋರಿಸಿದರು. ಹೀಗಾಗಿ ಕಣ್ಣಿಲ್ಲದವರ ಜೊತೆಗಿನ ಒಡನಾಟ ನಮ್ಮ ಕಡೆಯವರಿಗೆ ಹೊಸದಲ್ಲ. ಎರಡನೆಯ ವರ್ಷದಲ್ಲಿ ನನ್ನ ಅಂಧ ಸಹಪಾಠಿಯೊಬ್ಬನಿಗೆ ಇತಿಹಾಸದ ಟಿಪ್ಪಣಿಗಳನ್ನು ಸಂಜೆ ಓದಿ ಹೇಳತೊಡಗಿದೆ. ಕೆಲವು ಪಾಠಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೊಟ್ಟೆ. ಮುಖ್ಯವಾದುದನ್ನು ಅವನು ಬ್ರೈಲ್ ಪಾಟಿಯ ಮೇಲೆ ಮೊಳೆಯಿಂದ ಚುಚ್ಚಿ ಬರೆದುಕೊಳ್ಳುತ್ತಿದ್ದ. ಆ ಬರವಣಿಗೆಯ ಒಂದು ವಿಶೇಷವನ್ನು ಅವನಿಂದಲೇ ತಿಳಿದೆ. ಚುಚ್ಚುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು; ಚುಕ್ಕೆಗಳು ಹಾಳೆಯ ಹಿಂಬದಿಗೆ ಏಳುತ್ತವೆ. ಹಾಳೆಯನ್ನು ತಿರುವಿ ಹಾಕಿದ ಮೇಲೆಯೇ ಎಡದಿಂದ ಬಲಕ್ಕೆ ಬೆರಳಾಡಿಸಿ ಓದಲು ಬರುವುದು. ದಿನಗಳೂ ಹಾಗೆಯೇ ಎಂದು ಆ ರಾತ್ರಿ ನನಗೆ ತೋರಿತು. ನಡೆಯುವಾಗ ಅವು ಬರಿಯ ಚುಚ್ಚುಗಳು. ತಿರುವಿ ಹಾಕದೆ ಅವುಗಳ ಅಕ್ಷರ ಕೈಗೆ ಹತ್ತುವುದಿಲ್ಲ.

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವರು ನನಗಿಂತ ಮುಂಚೆ ಯಾರೂ ಇಲ್ಲ. ಓದು ಮುಗಿಯುತ್ತಲೇ ರೈಲ್ವೆಯ ಪರೀಕ್ಷೆ ಬರೆದು ನೌಕರಿ ಹಿಡಿಯಬೇಕೆಂಬುದು ಮನೆಯವರ ಆಸೆ. ಅದು ನ್ಯಾಯವಾದ ಆಸೆಯೇ. ತಂದೆಯ ನಿವೃತ್ತಿ ಸಮೀಪಿಸಿದೆ. ತಂಗಿಯ ಓದು ಇನ್ನೂ ಇದೆ. ಆದರೆ ರಾತ್ರಿಯ ಮೂರನೆಯ ಮೆಟ್ಟಿಲಿನಲ್ಲಿ ದಿನವನ್ನು ತಾಸು ತಾಸಾಗಿ ನೋಡುತ್ತ ಹೋದಂತೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಾಣತೊಡಗಿತು. ನೌಕರಿ ಸಿಕ್ಕಂತೆ, ಕೈಗೆ ಸಂಬಳ ಬಂದಂತೆ ಕಲ್ಪಿಸಿಕೊಂಡ ಹೊತ್ತು ಸವಿಯಾಗಿರುತ್ತಿತ್ತು. ರಾತ್ರಿಗೆ ಅದರ ರುಚಿ ಉಳಿದಿರುತ್ತಿರಲಿಲ್ಲ. ಗೆಳೆಯನಿಗೆ ಓದಿ ಹೇಳಿದ ಹೊತ್ತು ಗಂಟಲು ಒಣಗುವಂಥದು. ಕೆಲವೊಮ್ಮೆ ಬೇಸರವೂ ಆಗುತ್ತಿತ್ತು. ಆದರೆ ರಾತ್ರಿಯಲ್ಲಿ ಆ ಹೊತ್ತೇ ತುಂಬಿಕೊಂಡು ನಿಂತಿರುತ್ತಿತ್ತು. ಒಂದು ದಿನದ ಅನುಭವವಾಗಿದ್ದರೆ ಅದನ್ನು ಹುಮ್ಮಸ್ಸೆಂದು ತಳ್ಳಿಹಾಕಬಹುದಾಗಿತ್ತು. ವಹಿಯಲ್ಲಿ ಹತ್ತು ತಿಂಗಳು ಹಾಗೆಯೇ ಬಂದಾಗ ತಳ್ಳಿಹಾಕುವುದು ಕಠಿಣವಾಯಿತು. ಅಂಧ ಮಕ್ಕಳಿಗೆ ಕಲಿಸುವ ಶಿಕ್ಷಣವನ್ನು ಪಡೆಯಬೇಕು, ವಿಶೇಷ ಬಿ.ಎಡ್. ಮಾಡಬೇಕು ಎಂಬ ವಿಚಾರ ಹೀಗೆ ಬೇರೂರಿತು. ಡೆಹರಾಡೂನಿನಲ್ಲಿರುವ ದೃಷ್ಟಿಹೀನರ ರಾಷ್ಟ್ರೀಯ ಸಂಸ್ಥೆಯಲ್ಲಿ ಅಂಥ ಶಿಕ್ಷಣವಿದೆಯೆಂದು ತಿಳಿದುಕೊಂಡೆ. ನಕಾಶೆಯಲ್ಲಿ ಹೊಳೆಆಲೂರಿನಿಂದ ಅಲ್ಲಿಗೆ ಬೆರಳಿಟ್ಟು ಅಳೆದಾಗ ಎದೆ ಝಲ್ಲೆಂದದ್ದೂ ನಿಜ.

ಈ ವಿಷಯದಲ್ಲಿ ಇಗ್ನೇಷಿಯಸ್ಸನ ಒಂದು ನಿಯಮ ನನಗೆ ಬಹಳ ಸಹಾಯ ಮಾಡಿತು. ಮನಸ್ಸು ಕತ್ತಲಾಗಿ ಕುಗ್ಗಿರುವಾಗ ಹಿಂದೆ ಬೆಳಕಿನಲ್ಲಿ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂಬುದೇ ಆ ನಿಯಮ. ದುಡ್ಡಿನ ಚಿಂತೆ ಹತ್ತಿದ ರಾತ್ರಿ, ಜ್ವರ ಬಂದ ರಾತ್ರಿ, ಯಾರೋ "ಅದರಾಗ ಏನ್ ಸಿಗತೈತಿ?" ಎಂದು ನಕ್ಕ ದಿನದ ರಾತ್ರಿ ನಾನು ಯಾವುದನ್ನೂ ಅಳಿಸಿ ಬರೆಯಲಿಲ್ಲ. ಆ ದಿನದ ಲೆಕ್ಕವನ್ನಷ್ಟೆ ಬರೆದು ಮಲಗಿದೆ.

ಹೋದ ಸಂಕ್ರಾಂತಿಯ ಮುಂದೆ ತಂದೆಗೆ ಎಲ್ಲವನ್ನೂ ಹೇಳಿದೆ. ಅವರು ಎರಡು ದಿನ ಏನೂ ಮಾತಾಡಲಿಲ್ಲ. ಮೂರನೆಯ ದಿನ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತ, "ಎಷ್ಟ ದಿನ ಆತು ಇದನ್ನ ನೋಡಾಕತ್ತಿ?" ಎಂದು ಕೇಳಿದರು. ಹತ್ತು ತಿಂಗಳು ಎಂದೆ. "ಹಂಗಾದ್ರ ಅರ್ಜಿ ಹಾಕು. ರೈಲ್ವೆ ಪರೀಕ್ಷಾನೂ ಬರಿ. ಎರಡೂ ಹಳಿ ನೋಡಿ ಬಾ" ಎಂದರು. ಎರಡಕ್ಕೂ ಸಿದ್ಧತೆ ನಡೆಸಿದ್ದೇನೆ. ಯಾವುದರ ಬಾಗಿಲು ತೆರೆದೀತೋ ಹೇಳಲಾರೆ. ರೈಲ್ವೆಯದೇ ತೆರೆದರೂ ಸಂಜೆಯ ಓದಿಗೆ ಊರಿನಲ್ಲಿ ಕೇಳುವ ಕಿವಿಗಳು ಇದ್ದೇ ಇರುತ್ತವೆ. ಇಷ್ಟು ತಿಳಿದ ಮೇಲೆ ಮನಸ್ಸಿನ ಓಲಾಟ ನಿಂತಿದೆ.

ಪ್ರಾರ್ಥನೆಯಿಂದ ಅಂಕ ಹೆಚ್ಚಿದುವೆ, ಬುದ್ಧಿ ಚುರುಕಾಯಿತೆ ಎಂದು ಗೆಳೆಯರು ಕೇಳಿದ್ದುಂಟು. ಅಂಥ ಲಾಭವನ್ನು ನಾನು ತೋರಿಸಲಾರೆ. ಕೆಲವು ರಾತ್ರಿ ನಿದ್ದೆ ಗೆದ್ದಿದೆ. ಕೆಲವು ರಾತ್ರಿ ಹದಿನೈದು ನಿಮಿಷ ಐದೇ ನಿಮಿಷವಾಗಿವೆ. ಆದರೆ ದಿನಕ್ಕೆ ಒಂದು ಮುಖವಿದೆಯೆಂಬುದು, ಸೋಮವಾರ ಮಂಗಳವಾರದ ಹಾಗಿರುವುದಿಲ್ಲವೆಂಬುದು ನನಗೆ ಈಗ ಗೊತ್ತು. ನೀರು ತಂದುಕೊಟ್ಟವರು, ಬಸ್ಸಿನಲ್ಲಿ ಸರಿದು ಜಾಗ ಕೊಟ್ಟವರು, ತಿಳಿಯದ ಪ್ರಶ್ನೆಗೆ ಎರಡನೆಯ ಸಲ ಉತ್ತರ ಹೇಳಿದ ಗುರುಗಳು, ಇವರೆಲ್ಲ ಹಗಲಿನಲ್ಲಿ ಗಮನಕ್ಕೆ ಬಾರದೆ ಹೋದರೂ ರಾತ್ರಿ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಅವರ ಹೆಸರು ಹಿಡಿದು ನೆನೆಯುವುದರಲ್ಲಿಯೇ ಮೊದಲನೆಯ ಮೆಟ್ಟಿಲಿಗೆ ಬೇಕಾದ ಹೊತ್ತು ಕಳೆದುಹೋಗುವುದುಂಟು.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಪರೀಕ್ಷೆಯ ವೇಳಾಪಟ್ಟಿ ಬಂದಿರುತ್ತದೆ. ಕಡೆಯ ವರ್ಷದ ನಾವು ಗಂಟುಮೂಟೆ ಕಟ್ಟುವ ಸಿದ್ಧತೆಯಲ್ಲಿರುತ್ತೇವೆ. ಸಹಪಾಠಿಗಳೆ, ನೀವು ಯಾವ ದೇವರನ್ನು ನೆನೆಯುವಿರೋ ಆ ದೇವರ ಎದುರಿಗೆ, ಯಾರನ್ನೂ ನೆನೆಯದವರು ನಿಮ್ಮ ಅಂತಃಸಾಕ್ಷಿಯ ಎದುರಿಗೆ, ಮೊಬೈಲನ್ನು ಬದಿಗಿರಿಸಿ ಒಂದು ವಾರದ ಮಟ್ಟಿಗೆ ಇದನ್ನು ಮಾಡಿ ನೋಡಬಹುದು. ವಹಿಯೂ ಬೇಡ, ಗೆರೆಯೂ ಬೇಡ. ಆದರೆ ಎಣಿಕೆಯನ್ನು ಮಾತ್ರ ಬಂದುದರಿಂದಲೇ ಆರಂಭಿಸಿರಿ.